ಹೂವಿನ ಹನುಮಂತಮ್ಮನ ಮೇಲ್ಮನವಿ

ಮಾಗಡಿ ಬಸ್ ನಿಲ್ದಾಣದ ಎದುರು ಬೀದಿದೀಪ ಇನ್ನೂ ಆರಿಲ್ಲ. ತಿಪ್ಪಸಂದ್ರದಿಂದ ಬಂದ ಸೇವಂತಿಗೆಯನ್ನು ಗೋಣಿಯ ಮೇಲೆ ಸುರಿದುಕೊಂಡು ಹನುಮಂತಮ್ಮ ಹಾರ ಕಟ್ಟುತ್ತಿದ್ದಾರೆ. ಮೊದಲ ಬಸ್ಸಿನ ಡ್ರೈವರ್ ಹೂವು ಕೊಂಡು ಐನೂರರ ನೋಟು ಚಾಚಿದರೆ ಅವರು ಮುಟ್ಟುವುದಿಲ್ಲ. ಪಕ್ಕದ ಟೀ ಅಂಗಡಿಯ ಅಖ್ತರಿ, ಯಾರೂ ಕರೆಯದೆಯೇ ಎದ್ದು ಬಂದು, ನೋಟನ್ನು ಬೆಳಕಿಗೆ ಹಿಡಿದು ತಲೆಯಾಡಿಸುತ್ತಾರೆ. ಆಮೇಲೆಯೇ ಅದು ಡಬ್ಬಿಗೆ ಬೀಳುತ್ತದೆ.

“ಬ್ಯಾಂಕ್ ಕೆಲ್ಸ ಮಾಡ್ತಿದೀನಿ, ಸಂಬಳ ಕೊಡೇ,” ಎನ್ನುತ್ತಾರೆ ಅಖ್ತರಿ.

“ನಿನ್ ಟೀಗೆ ಒಸಿ ನೀರ್ ಕಮ್ಮಿ ಹಾಕು, ಆಮ್ಯಾಕೆ ಕೊಡ್ತೀನಿ.”

ಈ ಎಚ್ಚರಕ್ಕೆ ಕಾರಣವಿದೆ. ಖೋಟಾ ನೋಟು ಚಲಾಯಿಸಿದ ಅಪರಾಧಕ್ಕೆ ಹನುಮಂತಮ್ಮನವರಿಗೆ ಮೂರು ವರ್ಷ ಶಿಕ್ಷೆಯಾಗಿದೆ. ಹೈಕೋರ್ಟಿನಲ್ಲಿ ಮೇಲ್ಮನವಿ ಇರುವುದರಿಂದ, ಕೆಲಕಾಲ ಜೈಲಿನಲ್ಲಿದ್ದು ಸದ್ಯ ಜಾಮೀನಿನ ಮೇಲೆ ಹೊರಗಿದ್ದಾರೆ. ಗೃಹಪ್ರವೇಶಕ್ಕೆಂದು ಹಾರ ಒಯ್ದ ಅಪರಿಚಿತನೊಬ್ಬ ಆರು ನೋಟು ಕೊಟ್ಟಿದ್ದ. ಮಹಿಳಾ ಸಂಘದ ಸಾಲದ ಕಂತು ಕಟ್ಟಲು ಹೋದಾಗ ಬ್ಯಾಂಕಿನವರು ಆರೂ ಖೋಟಾ ಎಂದರು. ಈಕೆ ತಿಳಿದೇ ತಂದಳೆಂದು ಪೊಲೀಸರು ವಾದಿಸಿದರು, ಕೆಳಗಿನ ಕೋರ್ಟು ಒಪ್ಪಿತು.

“ಕೊಟ್ಟೋನು ಯಾರು ಅಂದ್ರು, ಗೊತ್ತಿಲ್ಲ ಅಂದೆ. ಬ್ಯಾರೆ ಏನೂ ಕೇಳ್ನಿಲ್ಲ ಕಣಕ್ಕ,” ಎಂದು, ಅವರ ಕಥೆ ಬರೆದುಕೊಳ್ಳಲು ಬಂದ ನನಗೆ ಹೇಳುತ್ತಾರೆ.

ಬೇರೆ ಪ್ರಶ್ನೆ ಕೇಳಿದವರು ಮೇಲ್ಮನವಿಯ ವಕೀಲೆ ಸುಚಿತ್ರಾ. ಫೀಸೆಂದು ಕೈಗೆ ಬಂದ ನೋಟಿಗೆ ಅರಿಸಿನ ಕುಂಕುಮ ಅಂಟಿದ್ದು ಕಂಡು, ಇದೇನೆಂದು ವಿಚಾರಿಸಿದರಂತೆ.

“ಶುಕ್ರವಾರದ ದುಡ್ನ ಲಕ್ಷ್ಮಿ ಮುಂದೆ ಮಡಗಿ, ಅರಿಸಿನ ಕುಂಕುಮ ಇಕ್ಕುದ್ಮೇಲೇ ಖರ್ಚು ಮಾಡೋದು. ಆ ಆರು ನೋಟ್ಗೂ ಇಕ್ಕಿದ್ದೆ,” ಅಂದರು ಹನುಮಂತಮ್ಮ.

ಸುಚಿತ್ರಾ ಅನುಮತಿ ಪಡೆದು, ಕೋರ್ಟಿನ ವಶದಲ್ಲಿದ್ದ ನೋಟುಗಳನ್ನು ನೋಡಿ ಬಂದರು. ಕಲೆ ಹಾಗೇ ಇದೆ. ಖೋಟಾ ಎಂದು ತಿಳಿದವಳು ಅದಕ್ಕೆ ಪೂಜೆ ಮಾಡುವಳೇ? ಮೇಲ್ಮನವಿ ಈಗ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಬೆಳಗಿನ ವ್ಯಾಪಾರ ಕೆಡದಿರಲೆಂದು ಸುಚಿತ್ರಾ ತಾವೇ ಇಲ್ಲಿಗೆ ಬರುತ್ತಾರೆ. ಇವತ್ತೂ ಗೋಣಿಯ ಅಂಚಿನಲ್ಲಿ ಕೂತಿದ್ದಾರೆ. “ಕಲೆಯ ಮಾತು ಜಡ್ಜು ಒಪ್ಪದೇ ಇರಬಹುದಮ್ಮ. ತಪ್ಪಾಯ್ತು, ಜೈಲಲ್ಲಿ ಕಳೆದ ದಿನಗಳೇ ಸಾಕು ಮಾಡಿ ಅಂತ ಬೇಡಿಕೊಂಡ್ರೆ ಮತ್ತೆ ಒಳಗೆ ಹೋಗೋದು ತಪ್ಪಬಹುದು. ಯೋಚನೆ ಮಾಡಿ.”

“ಒಪ್ಕೊಳ್ಳೇ ಮಾರಾಯ್ತಿ,” ಎನ್ನುವ ಅಖ್ತರಿಯ ದನಿಯಲ್ಲಿ ಈಗ ತಮಾಷೆಯಿಲ್ಲ. “ನನ್ ಪಕ್ಕದಲ್ಲಾದ್ರೂ ಇರ್ತೀಯ.”

ಹನುಮಂತಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಾರೆ.

“ಸೋತ್ರೆ ಒಳಿಕ್ಕೆ ಹೋಯ್ತೀನಿ ಕಣವ್ವ. ತಪ್ಪಾಯ್ತು, ಶಿಕ್ಷೆ ಕಮ್ಮಿ ಮಾಡಿ ಅಂತ ಮಾತ್ರ ಕೇಳ್ಬ್ಯಾಡ. ಗೊತ್ತಿದ್ದೂ ಲಕ್ಷ್ಮಿ ಮುಂದೆ ಸುಳ್ಳು ನೋಟು ಮಡಗ್ದೋಳು ಅನ್ನುಸ್ಕೊಂಡು, ಮನೇಲಿ ದೀಪ ಹಚ್ಚಾಕೆ ನನ್ ಕೈಲಾಗಾಕಿಲ್ಲ.”