ನೀರಿನ ಕ್ಯಾನು ಕೂರಿಸುವವನು

ನಮ್ಮ ದೊಡ್ಡ ಚರ್ಚಿಗೆ ವೈಫೈ ಹಾಕಲು ಬಂದವನು ಯಾವ ಗೋಡೆಗೂ ಜಗ್ಗುವವನಲ್ಲ, ಏಣಿಯ ಮೇಲೆಯೇ ಚಹಾ ಕುಡಿಯುತ್ತಾನೆ. "ಖಾಲಿ ಚರ್ಚಲ್ಲಿ ಯಾರು ಬೇಕಾದ್ರೂ ಸಿಗ್ನಲ್ ಕೊಡ್ತಾರೆ. ಜನ ತುಂಬಿದಾಗ ಕೊಡ್ಬೇಕು," ಎನ್ನುತ್ತಾನೆ. ಮನುಷ್ಯರ ಮೈ ಸಿಗ್ನಲ್ ಹೀರುತ್ತದಂತೆ, ನೀರೂ ಹೀರುತ್ತದಂತೆ. ಅದಕ್ಕೇ ಜನರ ಬದಲು ಬೆಂಚುಗಳ ಮೇಲೆ ನೀರು ತುಂಬಿದ ಕ್ಯಾನು ಕೂರಿಸಿ, ಫೋನು ಹಿಡಿದು ಪಾದ್ರಿಗಿಂತ ಗಂಭೀರವಾಗಿ ಓಡಾಡುತ್ತಾನೆ. ಕಸ ಗುಡಿಸಲು ಬಂದ ನನ್ನನ್ನೂ ಬಿಡಲಿಲ್ಲ. "ನಿಮ್ಮ ಜಾಗ ಯಾವುದಮ್ಮಾ?" ಕಂಬದ ಹಿಂದಿನ ಬೆಂಚು ತೋರಿಸಿದೆ. ಒಂದು ಕ್ಯಾನು ಇಟ್ಟ. "ಪಕ್ಕದಲ್ಲಿ ಯಾರು?" "ನಮ್ಮ ಯಜಮಾನ್ರು ಕೂರೋರು. ತೀರ್ಕೊಂಡು ಮೂರು ತಿಂಗಳಾಯ್ತು. ಒಂದೇ ಸಾಕಪ್ಪ." ಆ ಬಾಯಿಬಡುಕ ಇನ್ನೊಂದು ಕ್ಯಾನು ಹೊತ್ತು ತಂದು, ಮೊದಲನೆಯದಕ್ಕೆ ತಾಗಿಸಿಟ್ಟು, ಫೋನು ನೋಡಿದ. "ಇಬ್ರು ಕೂತ್ರೂ ಸಿಗುತ್ತಮ್ಮಾ," ಎಂದ. ನಾನು ಕ್ಯಾನುಗಳನ್ನು ಸರಿಸದೆ ಸುತ್ತಲೂ ಗುಡಿಸಿದೆ.