ಬಸ್ಸಿನ ಹಾರ್ನ್ ಹಾಡಿಸಿದ ಮೇಡಂ

ಚಿಕ್ಕಮಗಳೂರಿನ ನಮ್ಮ ಕಾಲೇಜಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಲ್ಯಾಬಿನ ಮೇಡಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಒಳಗೆ ಬರುತ್ತಿದ್ದರು, ಗದ್ದೆಗೆ ಇಳಿಯುವವರ ಹಾಗೆ. ಯಾರ ಪ್ರೋಗ್ರಾಂ ಕೆಟ್ಟರೂ ಬೈಯುತ್ತಿರಲಿಲ್ಲ. "ಏನೂ ಸುಟ್ಟುಹೋಗಲ್ಲ ಮಾರಾಯ್ತಿ, ಓಡಿಸಿ ನೋಡು" ಎನ್ನುತ್ತಿದ್ದರು.

ನನಗೆ ಓಡಿಸುವ ಆಸೆಯೇ ಇರಲಿಲ್ಲ. ಪ್ರೋಗ್ರಾಂಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ಅವರ ಬಳಿ ಹೋಗಿ, "ಇದು ನನ್ನ ಕೈಲಾಗಲ್ಲ ಮೇಡಂ, ಕಾಮರ್ಸಿಗೆ ಹೋಗ್ತೀನಿ" ಎಂದೆ. ಅಳುಕಿನಿಂದ ಬೆರಳಲ್ಲಿ ಮೇಜು ಕುಟ್ಟುತ್ತಿದ್ದೆ.

ಅವರು ಕಿವಿಗೊಟ್ಟರು. "ಅದೇನದು ತಾಳ?"

"ನಮ್ಮ ಆಲ್ದೂರು ಬಸ್ಸಿನ ಹಾರ್ನ್ ಮೇಡಂ." ನನಗೆ ನಾಚಿಕೆಯಾಯಿತು.

"ಹೌದಾ! ಕಂಪ್ಯೂಟರ್ ಬಾಯಲ್ಲಿ ಹಾಡಿಸು ನೋಡೋಣ." ಕೊಟ್ಟ ಅಂಕಿಗೆ ತಕ್ಕ ಸದ್ದು ಹೊರಡಿಸುವ ಆದೇಶವೊಂದನ್ನು ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತರು.

ಮೊದಲು ಕೀರಲು ಸದ್ದು ಬಂತು, ಲ್ಯಾಬೆಲ್ಲ ನಕ್ಕಿತು. ಅಂಕಿ ಇಳಿಸಿದೆ, ಎಮ್ಮೆ ಕೂಗಿದಂತಾಯಿತು. ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೆ ಹಟ ಬಂತು. ಅಂಕಿಗಳನ್ನು ಏರಿಸಿದೆ, ಇಳಿಸಿದೆ, ನಡುವೆ ಬಿಡುವು ಕೊಟ್ಟೆ. ಇದ್ದಕ್ಕಿದ್ದಂತೆ ಆ ಡಬ್ಬಿಯೊಳಗಿಂದ ನಮ್ಮ ಬಸ್ಸೇ ಬಂತು! ಆಲ್ದೂರಿನ ಗೆಳತಿಯೊಬ್ಬಳು ಬ್ಯಾಗ್ ಎತ್ತಿಕೊಂಡು ಗಾಬರಿಯಿಂದ ಬಾಗಿಲಿಗೆ ಓಡಿದಳು. ಮೇಡಂ ಎರಡೂ ಕೈಯಿಂದ ಮೇಜು ಬಡಿದರು. ನಾನು ಖುಷಿಗೆ ಮತ್ತೊಮ್ಮೆ ಓಡಿಸಿದೆ.

"ಹಾಗಾದ್ರೆ ಕಾಮರ್ಸಿಗೆ ಯಾವಾಗ ಹೊರಡ್ತೀಯ?" ಎಂದು ಕೇಳಿದರು.

"ತಡೀರಿ ಮೇಡಂ," ಎಂದೆ, ಪರದೆಯಿಂದ ಕಣ್ಣು ತೆಗೆಯದೆ. "ತಿರುವಲ್ಲಿ ಹೊಡೆಯೋ ಉದ್ದ ಹಾರ್ನ್ ಇನ್ನೂ ಬಾಕಿ ಇದೆ."