ನವಣೆ ಅನ್ನ ಮತ್ತು ಮುಚ್ಚಿದ ಬಾಯಿ

ಆರು ವರ್ಷದ ಕೂಸು ತುಟಿ ಬಿಗಿದುಕೊಂಡು ಕೂತಿರುವಾಗ ಅದರ ಮುಂದಿನ ತಾಟಿನಲ್ಲಿ ನವಣೆ ಅನ್ನ ಆರುತ್ತ ಹೋಗುವುದನ್ನು ನೀವು ನೋಡಿದ್ದೀರೋ ಇಲ್ಲವೋ, ನಾನಂತೂ ಒಂದು ಚಳಿಗಾಲದಲ್ಲಿ ಹತ್ತೊಂಬತ್ತು ದಿನ ನೋಡಿದ್ದೇನೆ. ಮೊದಲು ಹಬೆ ಹೋಗುತ್ತದೆ, ಆಮೇಲೆ ತುಪ್ಪ ಹೆಪ್ಪುಗಟ್ಟುತ್ತದೆ, ಕೊನೆಗೆ ಎದುರಿಗೆ ಕೂತ ತಂದೆಯ ಮುಖವೂ ಅದೇ ಹಾದಿ ಹಿಡಿಯುತ್ತದೆ. ಬಾದಾಮಿಯ ಕೋಟೆಯನ್ನು ಎಷ್ಟೋ ದಂಡುಗಳು ಬಂದು ಗೆದ್ದುಕೊಂಡು ಹೋಗಿವೆ. ಅಷ್ಟು ದಂಡುಗಳೂ ಒಟ್ಟಾಗಿ ಬಂದಿದ್ದರೂ ನನ್ನ ಮಗಳು ಪಾರ್ವತಿಯ ಬಾಯಿ ತೆರೆಯುತ್ತಿರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆಗ ಹುನಗುಂದದಲ್ಲಿ ಶಾಲಾ ಮಾಸ್ತರ. ಪಾರಿಗೆ ವಿಷಮಶೀತ ಜ್ವರ ಬಂದು ಬಿಟ್ಟುಹೋಗಿತ್ತು. ಬಿಟ್ಟು ಹೋಗುವಾಗ ಮೈಮೇಲಿನ ಮಾಂಸವನ್ನೂ ಜತೆಗೆ ಕಟ್ಟಿಕೊಂಡು ಹೋಗಿತ್ತು. ಬಾಗಲಕೋಟೆಯ ಡಾಕ್ಟರು ಆಕೆಯನ್ನು ತೂಗಿ ನೋಡಿ, “ಬರೀ ಅನ್ನದ ಗಂಜಿ ಸಾಲೂದಿಲ್ಲ ಮಾಸ್ತರ. ನವಣಿ ಕೊಡ್ರಿ, ಹಾಲು ಕೊಡ್ರಿ. ಒಂದು ತಿಂಗಳದಾಗ ತೂಕ ಏರಲಿಲ್ಲಂದ್ರ ದವಾಖಾನ್ಯಾಗ ಇಟ್ಗೋಬೇಕಾಗತೈತಿ” ಅಂದರು. ದವಾಖಾನೆಯ ಹೆಸರು ಕೇಳಿದೊಡನೆ ಪಾರಿ ನನ್ನ ಧೋತರದ ಅಂಚು ಹಿಡಿದವಳು ಹುನಗುಂದದ ಬಸ್ ಸ್ಟ್ಯಾಂಡು ಬರುವವರೆಗೆ ಬಿಡಲಿಲ್ಲ.

ಅದೇ ತಿಂಗಳು ನನ್ನ ಹೆಂಡತಿಗೆ ಬಾದಾಮಿಯಲ್ಲಿ ಶಿಕ್ಷಕಿಯರ ತರಬೇತಿ. ಬಿಟ್ಟರೆ ನೌಕರಿಗೆ ಸಂಚಕಾರ. ಹೀಗಾಗಿ ಅಡುಗೆಮನೆಯ ಅಧಿಕಾರ ಇಬ್ಭಾಗವಾಯಿತು. ಕಾಳು ಹಸನು ಮಾಡುವ ಖಾತೆ ನನ್ನ ಅವ್ವನದು, ಬೇಯಿಸುವ ಖಾತೆ ನನ್ನದು. ಅವ್ವ ಅಂಗಳದಲ್ಲಿ ಮೊರ ಹಿಡಿದು ಕೂತರೆ ಸಿಂಹಾಸನವೇರಿದ ಹಾಗೆ. “ಅರವತ್ತು ವರ್ಷ ಆತು ಮೊರ ಹಿಡದು. ನನ್ನ ಕೈಯಾಗಿನ ಅನ್ನದಾಗ ಒಂದು ಕಲ್ಲು ಸಿಕ್ಕೈತಿ ಅಂದವರನ್ನ ಕರಕೊಂಡ ಬಾ” ಎಂದು ಆಕೆ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಅಂಥವರು ಯಾರೂ ಇರಲೂ ಇಲ್ಲ.

ನನ್ನ ಪಾಕಪ್ರಯೋಗಗಳನ್ನು ಸಂಕ್ಷಿಪ್ತವಾಗಿ ನಿವೇದಿಸುತ್ತೇನೆ. ಮೊದಲ ದಿನ ಬರೀ ನವಣೆ ಅನ್ನಕ್ಕೆ ಹಾಲು, ತುಪ್ಪ. ಪಾರಿ ಒಂದು ತುತ್ತು ಬಾಯಿಗಿಟ್ಟಳು, ಅಗಿಯುವುದನ್ನು ಥಟ್ಟನೆ ನಿಲ್ಲಿಸಿದಳು, ಮೊರದ ಮುಂದೆ ಕೂತಿದ್ದ ಆಯಿಯ ಕಡೆ ನೋಡಿದಳು. ಆಯಿ ಅಂದರೆ ನಮ್ಮ ಕಡೆ ಅಜ್ಜಿ. ತುತ್ತನ್ನು ನೀರು ಕುಡಿದು ನುಂಗಿ “ಒಲ್ಲೆ” ಅಂದಳು. ಅದು ರುಚಿಯ ದೋಷವೆಂದು ಬಗೆದು ಮರುದಿನ ಬೆಲ್ಲ, ಯಾಲಕ್ಕಿ ಹಾಕಿದೆ. ಒಲ್ಲೆ. ಒಗ್ಗರಣೆ ಕೊಟ್ಟು ಉಪ್ಪಿಟ್ಟು ಮಾಡಿದೆ. ಒಲ್ಲೆ. ಉಂಡೆ ಕಟ್ಟಿ, ಶೇಂಗಾದ ಕಣ್ಣಿಟ್ಟು, ಆನೆಯೆಂದು ನಂಬಿಸಲು ನೋಡಿದೆ.

“ಇದು ಆನಿ ಅಲ್ಲ ಯಪ್ಪಾ, ನವಣಿ” ಎಂದಳು.

“ನವಣಿ ಅಂದ್ರ ಯಾರು? ಅಕ್ಕೀ ತಂಗಿ. ಹಳದಿ ಸೀರಿ ಉಟ್ಟಾಳ, ಅಷ್ಟ.”

“ಇಳಕಲ್ ಸೀರಿ ಉಟ್ರೂ ಒಲ್ಲೆ.”

ಪಾಠ ಹೇಳುವ ವೃತ್ತಿಯವನಿಗೆ ಒಂದು ರೋಗವಿರುತ್ತದೆ: ಹುಡುಗರು ಉತ್ತರ ಕೊಡದಿದ್ದರೆ ಅವರಿಗೆ ಉತ್ತರ ಗೊತ್ತಿಲ್ಲವೆಂದೇ ತಿಳಿಯುವುದು. ಪಾರಿ ಹಟಮಾರಿ, ಬಿಳಿ ಅನ್ನದ ರುಚಿ ಹತ್ತಿದವಳು ಎಂದು ನಾನು ತೀರ್ಪು ಬರೆದುಬಿಟ್ಟೆ. ನನ್ನ ಅಡುಗೆಯನ್ನು ನಾನೇ ಒಂದು ಸಲ ತಿಂದು ನೋಡಬಹುದಿತ್ತಲ್ಲ ಎಂದು ನೀವು ಕೇಳುವಿರಿ. ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತಿಲ್ಲ. ಲಿಂಗಕ್ಕೆ ಎಡೆ ಹಿಡಿಯುವ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ಹಿಡಿದಾದ ಮೇಲೆ ಆ ಸಣ್ಣ ಗಡಿಗೆಯಷ್ಟೂ ಪಾರಿಯ ಪಾಲು. ನನಗೆ ಜೋಳದ ರೊಟ್ಟಿ, ಹಲ್ಲಿಲ್ಲದ ಅವ್ವನಿಗೆ ಹಾಲಿನಲ್ಲಿ ನೆನೆಸಿದ ರೊಟ್ಟಿ. ಇನ್ನು ತಾಟಿನಲ್ಲಿ ಪ್ರಸಾದ ಬಿಡುವುದು ಅವ್ವನ ಕಣ್ಣಿಗೆ ಮಹಾಪಾಪ. ಆದ್ದರಿಂದ ಪಾರಿ ಬಿಟ್ಟದ್ದನ್ನು ನಾನು ಸೆರಗಿಲ್ಲದ ಕಳ್ಳನಂತೆ ಟವೆಲ್ಲಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಯ ಎಮ್ಮೆಗೆ ಮುಟ್ಟಿಸುತ್ತಿದ್ದೆ. ಆ ದಿನಗಳಲ್ಲಿ ಹುನಗುಂದದಲ್ಲಿ ತೂಕ ಏರಿದ್ದು ಅದೊಂದೇ ಜೀವದ್ದು.

ಹತ್ತೊಂಬತ್ತನೆಯ ದಿನ ಎಮ್ಮೆ ಬೇಗನೆ ಮೇಯಲು ಹೊರಟುಹೋಗಿತ್ತು. ಅವ್ವ ಹೊಸ್ತಿಲಲ್ಲೇ ಕೂತಿದ್ದಳು. ಬೇರೆ ದಾರಿಯಿಲ್ಲದೆ ತಾಟಿನ ಮುಂದೆ ನಾನೇ ಕೂತೆ. ಎರಡನೆಯ ತುತ್ತಿಗೆ ದವಡೆಯಲ್ಲಿ ಕಟ್ ಎಂದಿತು. ಮೂರನೆಯದಕ್ಕೆ ಇನ್ನೊಮ್ಮೆ. ಅಕ್ಕಿಯಲ್ಲಿ ಕಲ್ಲು ಕಣ್ಣಿಗೆ ಕಾಣುತ್ತದೆ. ನವಣೆಯ ಕಾಳು, ಹೊಲದ ಹರಳು ಎರಡೂ ಅವಳಿಜವಳಿ, ಒಂದೇ ಗಾತ್ರ, ಒಂದೇ ಬಣ್ಣ. ನಾನು ತಲೆಯೆತ್ತಿದೆ. ಪಾರಿ ನನ್ನನ್ನೇ ನೋಡುತ್ತಿದ್ದಳು. ಮೆಲ್ಲಗೆ ಬಂದು ಕಿವಿಯಲ್ಲಿ ಹೇಳಿದಳು: “ಆಯಿಗೆ ಹೇಳಬ್ಯಾಡ ಯಪ್ಪಾ. ಅಳತಾಳ.”

ಮಿತ್ರರೇ, ಹತ್ತೊಂಬತ್ತು ದಿನ ನಾನು ಹಟವೆಂದು ತಿಳಿದದ್ದು ಇದು. ದವಾಖಾನೆಯ ಭಯ ಒಂದು ಕಡೆ, ಮೊರದ ಮುಂದೆ ಕೂತ ಮುದುಕಿಯ ಮಾನ ಇನ್ನೊಂದು ಕಡೆ. ಎರಡನ್ನೂ ತೂಗಿ ಆ ಎಳೆಯ ಜೀವ ಹಸಿವನ್ನು ಆರಿಸಿಕೊಂಡಿತ್ತು. ನಾವು ದೊಡ್ಡವರು ಮಕ್ಕಳ ಬಾಯಿ ತೆರೆಸಲು ಬೆಲ್ಲ, ತುಪ್ಪ, ಆನೆ, ಅಂಬಾರಿ ಎಲ್ಲ ಸಿದ್ಧಪಡಿಸುತ್ತೇವೆ. ಅದು ಮುಚ್ಚಿದ್ದು ಯಾಕೆ ಎಂದು ಕೇಳುವ ಪುರುಸೊತ್ತು ಮಾತ್ರ ನಮಗಿರುವುದಿಲ್ಲ.

ಮರುದಿನದಿಂದ ಒಂದು ಗುಪ್ತ ಇಲಾಖೆ ಶುರುವಾಯಿತು. ಮುಂಜಾನೆ ಅವ್ವ ಪೂಜೆಗೆ ಕೂತೊಡನೆ ನಾವಿಬ್ಬರೂ ಹಿತ್ತಲಿಗೆ ಹೋಗಿ, ಅವ್ವ ಹಸನು ಮಾಡಿಟ್ಟ ನವಣೆಯನ್ನು ನೀರಿನಲ್ಲಿ ಅಲುಗಿಸುತ್ತ, ತೇಲಿದ ಕಾಳನ್ನು ಮೆಲ್ಲಗೆ ಇನ್ನೊಂದು ಪಾತ್ರೆಗೆ ಬಗ್ಗಿಸುತ್ತಿದ್ದೆವು. ತಳಕ್ಕಿಳಿದ ಹರಳುಗಳನ್ನು ಪಾರಿ ಬೆರಳಿನಿಂದ ಹೆಕ್ಕಿ ತಾಟಿಗೆ ಹಾಕುತ್ತಿದ್ದಳು. ಇಲಾಖೆ ಶುರುವಾದ ದಿನವೇ ಬರೀ ಹಾಲು ಹಾಕಿದ ನವಣೆ ಅನ್ನವನ್ನು ಎರಡು ಸಲ ನೀಡಿಸಿಕೊಂಡು ಉಂಡಳು. ಆನೆಯ ಅಗತ್ಯ ಬೀಳಲಿಲ್ಲ. “ನನ್ನ ಕೈಗುಣ” ಎಂದು ಅವ್ವ ಹೇಳಿಕೊಂಡಳು. ನಾವು ಒಪ್ಪಿದೆವು.

ತಿಂಗಳು ತುಂಬಿದಾಗ ಮೂವರೂ ಬಾಗಲಕೋಟೆಗೆ ಹೋದೆವು. ತಕ್ಕಡಿಯ ಮುಳ್ಳು ನೋಡಿ ಡಾಕ್ಟರು ನಕ್ಕರು. “ದವಾಖಾನಿ ಬ್ಯಾಡ, ಸಾಲಿಗೆ ಕಳಸ್ರಿ. ಏನ್ ಮಾಡಿದ್ರಿ ಮಾಸ್ತರ?”

ನಾನು ಗಂಟಲು ಸರಿಮಾಡಿಕೊಂಡು, ಯಾಲಕ್ಕಿಯಿಂದ ಹಿಡಿದು ವ್ಯಾಖ್ಯಾನ ಆರಂಭಿಸಿದೆ. ಅವ್ವ ನಡುವೆ ಬಾಯಿ ಹಾಕಿದಳು.

“ಅದೇನಲ್ರಿ. ಇವರಿಬ್ಬರೂ ಕೂಡಿ ಕಲ್ಲು ತಗದ್ರು.”

ಪಾರಿ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ.

“ದಿನಾ ಮುಂಜಾನೆ ತಾಟಿನ್ಯಾಗ ಹಳ್ಳು ಬಿದ್ದ ಸಪ್ಪಳ ಕೇಳತಿತ್ತು. ಕಿವಿ ಇನ್ನೂ ಚಲೋ ಅದಾವ” ಎಂದು ಅವ್ವ ಡಾಕ್ಟರ ಕಡೆ ತಿರುಗಿದಳು. “ಕಣ್ಣ ಮಂಜ ಆಗ್ಯಾವ್ರಿ. ಯಾರಿಗೂ ಹೇಳಿದ್ದಿಲ್ಲ. ಒಂದಿಷ್ಟು ನೋಡ್ರಿ.”

ಡಾಕ್ಟರು ಬ್ಯಾಟರಿ ಕೈಗೆತ್ತಿಕೊಂಡರು. ಪಾರಿ ಸ್ಟೂಲಿನಿಂದ ಕೆಳಗಿಳಿದು, ಆಯಿಯ ಕೈಹಿಡಿದು ಅಲ್ಲಿ ಕೂರಿಸಿದಳು.